ಎಂಬತ್ನಾಲ್ಕರಲ್ಲಿ ನಿಂತ ಚೌಕಾಸಿ

"ಕಾಫಿ ಕುಡೀರಿ ಮೇಡಂ. ವಿಷ ಹಾಕಿಲ್ಲ."

ಸ್ಟ್ರಿಕ್‌ಲರ್ ಕಂಪನಿಯ ಪರವಾಗಿ ಸರ್ಕಾರದ ಜೊತೆ ಬೆಲೆ ಮಾತಾಡುವ ಲಮಾರ್ ಡಾಸೆಟ್ ನಗುತ್ತಲೇ ಲೋಟ ಮುಂದೆ ತಳ್ಳಿದ. ವರ್ನಾ ಟಿಲಟ್ಸನ್ ಕೈಚೀಲದಿಂದ ಒಂದು ಡಾಲರ್ ನೋಟು ತೆಗೆದು ಕಾಫಿ ಯಂತ್ರದ ಪಕ್ಕದ ತಗಡಿನ ಡಬ್ಬಕ್ಕೆ ಹಾಕಿದಳು. ಆಮೇಲೆ ಲೋಟ ಮುಟ್ಟಿದಳು. ಆ ಡಬ್ಬ ಇಟ್ಟಿರುವುದೇ ಸರ್ಕಾರದವರಿಗಾಗಿ. ಗುತ್ತಿಗೆದಾರರ ಕಾಫಿಯನ್ನು ಪುಕ್ಕಟೆ ಕುಡಿದ ನೌಕರ ಮರುದಿನ ಅದಕ್ಕೊಂದು ವಿವರಣೆ ಬರೆದುಕೊಡಬೇಕು. ಪಕ್ಕದ ತಟ್ಟೆಯ ಡೋನಟ್ಟುಗಳ ಕಡೆ ಅವಳು ಕಣ್ಣನ್ನೂ ಹಾಯಿಸಲಿಲ್ಲ.

"ಒಂದು ಲೋಟ ಕಾಫಿಗೆ ಇಷ್ಟು ಮಡಿ," ಅಂದ ಲಮಾರ್. "ಕೋಟಿಗಟ್ಟಲೆ ಬಾಳೋ ಗುಟ್ಟನ್ನ ಮಾತ್ರ ನಿಮ್ಮವರೇ ಬೀದೀಲಿ ಮಾರ್ತಾರಂತೆ. ಪೇಪರ್‌ನಲ್ಲಿ ಓದಿದೆ."

"ಮಾರಿದ್ದು ಯಾರು ಅಂತ ನೀವೇ ಹೇಳಿಬಿಡಿ. ನನಗೆ ಪೆಟ್ರೋಲ್ ಉಳಿಯುತ್ತೆ."

ಮೂಲೆಯಲ್ಲಿ ಕೂತಿದ್ದ ಕಂಪನಿಯ ವಕೀಲ ತಲೆ ಎತ್ತದೆ ಕೆಮ್ಮಿದ. "ನಮಗೆ ಯಾರೂ ಏನೂ ಮಾರಿಲ್ಲ," ಎಂದು ಲಮಾರ್ ಪಾಠ ಒಪ್ಪಿಸಿದ.

ಸರ್ಕಾರದ ಮಿತಿಬೆಲೆ ಕಂಪನಿಗೆ ಮುಂಚೆಯೇ ಗೊತ್ತಿತ್ತೆಂದು ಯಾರೋ ಹೆಸರು ಹೇಳದೆ ಫೋನಿನಲ್ಲಿ ದೂರು ಕೊಟ್ಟಿದ್ದರು. ಅಂದಿನಿಂದ ಬೆಲೆ ಲೆಕ್ಕಿಗ ಡ್ಯೂಯಿ ಸ್ಟ್ರಾನ್ ಸಂಬಳವಿಲ್ಲದೆ ಮನೆಯಲ್ಲಿ ಕೂತಿದ್ದಾನೆ. ಬರುವ ಸೋಮವಾರ ಅವನು ತಪ್ಪೊಪ್ಪಿಕೊಂಡರೆ ಸಣ್ಣ ಶಿಕ್ಷೆ, ಇಲ್ಲವಾದರೆ ಮೊಕದ್ದಮೆ. ಹೇಗೇ ಆದರೂ ಪಿಂಚಣಿ ಹೋಯಿತು, ಹೆಸರು ಹೋಯಿತು, ಜೈಲು ಖಂಡಿತ. ಅವನನ್ನು ಉಳಿಸಲು ವರ್ನಾಳಿಗೆ ಉಳಿದಿದ್ದು ಈ ಶುಕ್ರವಾರ, ಆಮೇಲೆ ಕಚೇರಿಗಳು ಬಾಗಿಲು ಹಾಕುವ ಎರಡು ದಿನ.

ಅವಳು ಅಟ್ಲಾಂಟಾದಿಂದ ಬಂದ ತನಿಖಾಧಿಕಾರಿ. ಹಿಂದೆ ಇದೇ ಊರಿನಲ್ಲಿ, ವಾಯುನೆಲೆಯ ಬೇಲಿಯೊಳಗಿನ ಖರೀದಿ ಕಚೇರಿಯಲ್ಲಿ, ಡ್ಯೂಯಿಯ ಎದುರು ಮೇಜಿನಲ್ಲಿ ಕೂತು ಬೆಲೆ ಲೆಕ್ಕ ಕಲಿತವಳು. ಈ ಕೋಲ್ಟರ್ಸ್ ಫೆರಿಯಲ್ಲಿ ಅರ್ಧ ಊರು ಸರ್ಕಾರಕ್ಕೆ ಕೊಳ್ಳುತ್ತದೆ, ಇನ್ನರ್ಧ ಊರು ಸರ್ಕಾರಕ್ಕೆ ಮಾರುತ್ತದೆ. ಭಾನುವಾರ ಎರಡೂ ಅರ್ಧಗಳು ಒಂದೇ ಚರ್ಚಿನಲ್ಲಿ ಮಂಡಿಯೂರಿ ಕೂರುತ್ತವೆ. ದೇವರಿಗೂ ಗೊಂದಲವಾಗಿರಬೇಕು.

"ಚೌಕಾಸಿಗೆ ಕೂತ ಆ ಸೋಮವಾರ ಏನಾಯ್ತು, ಮೊದಲಿಂದ ಹೇಳಿ," ಅಂದಳು ವರ್ನಾ.

"ಎಷ್ಟು ಸಲ ಹೇಳೋದು?"

"ಮಗೂಗೆ ಕಥೆ ಹೇಳೋ ಹಾಗೆ ಇನ್ನೊಂದು ಸಲ."

ವ್ಯವಹಾರ ಸರಕು ವಿಮಾನದ ಹಿಂಬಾಗಿಲನ್ನು ಎತ್ತಿ ಇಳಿಸುವ ಕೀಲುಗಳದು. ಅದನ್ನು ಮಾಡುವವರು ಇವರೊಬ್ಬರೇ. ಊರಿಗೆಲ್ಲ ಒಬ್ಬನೇ ಅಂಗಡಿಯವನಿದ್ದಾಗ ಟೆಂಡರು ಕರೆದು ಏನು ಗಿಟ್ಟೀತು? ಅದಕ್ಕೇ ಅವನು ಲೋಹಕ್ಕೆ ಇಷ್ಟು, ಕೂಲಿಗೆ ಇಷ್ಟು, ಲಾಭಕ್ಕೆ ಇಷ್ಟು ಎಂದು ತನ್ನ ಖರ್ಚನ್ನು ಬಿಚ್ಚಿಟ್ಟು, ನಿಜವೆಂದು ಪ್ರಮಾಣ ಮಾಡಬೇಕು. ಸರ್ಕಾರದ ಲೆಕ್ಕಿಗ ಅದನ್ನೆಲ್ಲ ಕೆದಕಿ, ಇದರ ಮೇಲೆ ಒಂದು ಕಾಸೂ ಕೊಡಬಾರದೆಂದು ಒಂದು ಮಿತಿ ಕಟ್ಟಬೇಕು. ಆಮೇಲೆ ಎರಡೂ ಕಡೆಯವರು ಕೋಣೆಯೊಳಗೆ ಕೂತು ಚೌಕಾಸಿ ಮಾಡಬೇಕು. ಮಿತಿ ಎಷ್ಟೆಂದು ಎದುರಿನವನಿಗೆ ಗೊತ್ತಾಗಿಬಿಟ್ಟರೆ ಮಿಕ್ಕಿದ್ದೆಲ್ಲ ಬರೀ ನಾಟಕ.

"ನಾವು ಐದು ಕೋಟಿ ಮೂವತ್ತು ಲಕ್ಷ ಅಂದ್ವಿ," ಅಂದ ಲಮಾರ್. "ನಿಮ್ಮ ರಾಯ್ಸ್ ಹಾಲಿಸ್ ನಕ್ಕ. ಆ ಡ್ಯೂಯಿ ನಮ್ಮ ಕೂಲಿ ಲೆಕ್ಕ ಹಿಡ್ಕೊಂಡು ಕೋಳಿ ಪುಕ್ಕ ಕಿತ್ತ ಹಾಗೆ ಕಿತ್ತ. ನಾವು ಐದು ಹದಿನೈದಕ್ಕೆ ಇಳಿದ್ವಿ. ಹೊರಗೆ ಹೋಗಿ ನಮ್ಮ ನಮ್ಮಲ್ಲೇ ಮಾತಾಡ್ಕೊಂಡು ಬಂದ್ವಿ. ಆಮೇಲೆ ನಾಲ್ಕು ಎಂಬತ್ನಾಲ್ಕು ಅಂದ್ವಿ."

"ಒಂದೇ ಏಟಿಗೆ? ನಡುವೆ ಏನೂ ಇಲ್ದೆ?"

"ದೊಡ್ಡ ಮನಸ್ಸು ಮಾಡಿದ್ವಿ."

"ಅಲ್ಲಿಂದ ಮುಂದೆ?"

"ಅಲ್ಲಿಂದ ಒಂದು ಸೆಂಟೂ ಇಳಿಯಲ್ಲ ಅಂದ್ವಿ."

ಬೆಲೆ ನೋಡಬೇಡ, ಇಳಿಯುವ ಮೆಟ್ಟಿಲು ನೋಡು ಅನ್ನುತ್ತಿದ್ದ ಡ್ಯೂಯಿ. ತಳ ಹತ್ತಿರ ಬಂದವನು ಸಣ್ಣ ಸಣ್ಣ ಮೆಟ್ಟಿಲು ಇಳಿಯುತ್ತಾನೆ, ತಡಕಾಡುತ್ತಾನೆ. ಇವನು ತಡಕಾಡಿಯೇ ಇಲ್ಲ. ಬಾವಿಯ ಆಳ ಗೊತ್ತಿದ್ದವನ ಹಾಗೆ ಒಂದೇ ನೆಗೆತಕ್ಕೆ ಇಳಿದು ಕೂತಿದ್ದಾನೆ. ಇದು ವರ್ನಾಳಿಗೆ ಹೊಸದೇನಲ್ಲ, ಕಡತದಲ್ಲಿ ಇದನ್ನೆಲ್ಲ ಓದಿದ್ದಾಳೆ.

"ರಾಯ್ಸ್ ಏನಂದ?"

"ಅನ್ನೋದೇನು? ಕುರ್ಚಿ ಹಿಂದಕ್ಕೆ ತಳ್ಳಿ, ಜನಾನೆಲ್ಲ ಕರ್ಕೊಂಡು ಎದ್ದು ಹೋದ!" ಲಮಾರನ ದನಿಯಲ್ಲಿ ನಿಜವಾದ ನೋವಿತ್ತು. "ನಮಗೆ ದಿಗಿಲಾಗೋಯ್ತು ಮೇಡಂ. ಒಬ್ಬರ ಮುಖ ಒಬ್ಬರು ನೋಡ್ಕೊಂಡ್ವಿ. ಎಂಬತ್ನಾಲ್ಕು ಅಂದ್ರೆ ಯಾರಾದ್ರೂ ಎದ್ದು ಹೋಗ್ತಾರಾ?"

"ಲಮಾರ್, ಸಾಕು," ಅಂದ ವಕೀಲ. ಈಗ ತಲೆ ಎತ್ತಿದ್ದ.

"ದಿಗಿಲಾಯ್ತಾ?" ಅಂದಳು ವರ್ನಾ ಮೆಲ್ಲಗೆ.

"ಅಂದ್ರೆ... ಬೇಜಾರಾಯ್ತು."

ಅವಳು ಕಾಫಿಯನ್ನು ಪೂರ್ತಿ ಕುಡಿದು ಎದ್ದಳು. ಕಾಸು ಕೊಟ್ಟ ಕಾಫಿ, ಬಿಡುವುದೇಕೆ?

ಕಾರಿನೊಳಗೆ ಕೂತ ಮೇಲೂ ಆ ಮಾತು ಅವಳನ್ನು ಬಿಡಲಿಲ್ಲ. ಕೊಳ್ಳುವವನು ಎದ್ದು ಹೋಗುವುದು ಚೌಕಾಸಿಯಲ್ಲಿ ದಿನದ ಮಾತು. ಸಂತೆಯಲ್ಲಿ ಕುರಿ ಮಾರುವವನೂ ಅದಕ್ಕೆ ಹೆದರುವುದಿಲ್ಲ. ದಿಗಿಲಾಗುವುದು ಯಾರಿಗೆ? ಕೊಳ್ಳುವವನ ಜೇಬಿನಲ್ಲಿ ಅಷ್ಟು ದುಡ್ಡಿದೆ ಎಂದು ಗೊತ್ತಿದ್ದವನಿಗೆ. ಲಮಾರನಿಗೆ ಗೊತ್ತಿತ್ತು, ಅದು ಸರಿ. ಸರ್ಕಾರದ ಮಿತಿ ನಾಲ್ಕು ಕೋಟಿ ಎಂಬತ್ತೈದು ಲಕ್ಷ. ಅವನು ಒಂದು ಲಕ್ಷ ಕೆಳಗೆ ಬಂದು ನಿಂತಿದ್ದಾನೆ.

ಹಾಗಾದರೆ ರಾಯ್ಸ್ ಎದ್ದು ಹೋದದ್ದೇಕೆ? ಕೈಯಲ್ಲಿ ಎಂಬತ್ತೈದರ ಅಪ್ಪಣೆ ಇಟ್ಟುಕೊಂಡು, ಎಂಬತ್ನಾಲ್ಕು ಅಂದವನ ಮುಂದೆ ಕುರ್ಚಿ ತಳ್ಳಿ ಎದ್ದದ್ದು ಯಾಕೆ? ಮೊದಲೇ ಮಾರಿಕೊಂಡವನು ಅನುಮಾನ ಬಾರದಿರಲೆಂದು ಆಡಿದ ಆಟವೇ ಇದು? ಬೇಲಿಯೇ ಎದ್ದು ಹೊಲ ಮೇಯ್ದಿದೆಯೇ? ವರ್ನಾ ಗಾಡಿಯನ್ನು ಖರೀದಿ ಕಚೇರಿಯ ಕಡೆ ತಿರುಗಿಸಿದಳು.

* * *

ವಿಭಾಗದ ಮುಖ್ಯಸ್ಥ ರಾಯ್ಸ್ ಹಾಲಿಸ್ ಕಾಗದದ ಚೀಲದಿಂದ ಬೇಯಿಸಿದ ಕಡಲೆಕಾಯಿ ಬಿಡಿಸಿ ತಿನ್ನುತ್ತಿದ್ದ. ಭಾರಿ ಆಳು. ಅವನ ಅಂಗಿಯ ಮೇಲೆ ಉಪ್ಪುನೀರಿನ ಕಲೆಗಳಿದ್ದವು.

"ಬಾ ತಾಯಿ. ಯಾರನ್ನ ಗಲ್ಲಿಗೆ ಹಾಕೋಕೆ ಬಂದೆ ಇವತ್ತು?"

"ನಿಮ್ಮನ್ನೇ ಇರಬಹುದು."

ಅವಳು ಬಾಗಿಲು ಹಾಕಿ, ಕೂರದೆ ನಿಂತೇ ಕೇಳಿದಳು. "ಎಂಬತ್ತೈದರವರೆಗೆ ಕೊಡಬಹುದು ಅಂತ ಅಪ್ಪಣೆ ಇದ್ರೂ ಎಂಬತ್ನಾಲ್ಕಕ್ಕೆ ಯಾಕೆ ಎದ್ದು ಹೋದ್ರಿ ರಾಯ್ಸ್? ಯಾರು ನೋಡ್ಲಿ ಅಂತ ಆ ನಾಟಕ?"

ರಾಯ್ಸನ ಕೈ ಚೀಲದೊಳಗೇ ನಿಂತಿತು.

"ನಾನು ಮಾರ್ಕೊಂಡೆ ಅಂತೀಯಾ?"

"ನಾನು ಹಾಗಂದ್ನಾ? ಕುಂಬಳಕಾಯಿ ಕಳ್ಳ ಅಂದ್ರೆ ನೀವ್ಯಾಕೆ ಹೆಗಲು ಮುಟ್ಕೋತೀರಿ?"

"ಲೇ, ನಿನಗೆ ಇಲ್ಲಿ ಕುರ್ಚಿ ಕೊಟ್ಟವನು ನಾನು! ನನ್ನ ಎದುರು ನಿಂತ್ಕೊಂಡು..." ಅವನ ಮುಖ ಕೆಂಪಗಾಯಿತು. ಸಿಪ್ಪೆಗಳನ್ನು ಕಸದ ಬುಟ್ಟಿಗೆ ಎಸೆದ, ಅರ್ಧ ಹೊರಗೆ ಬಿದ್ದವು. "ಅಪ್ಪಣೆ ಅಂತೆ, ಅಪ್ಪಣೆ. ಆ ಸೋಮವಾರ ನನ್ನ ಕೈಲಿದ್ದಿದ್ದು ಎಂಬತ್ತೈದಲ್ಲ. ನಾಲ್ಕು ಅರವತ್ತೆಂಟು!"

"ಕಡತದಲ್ಲಿ ಎಂಬತ್ತೈದು ಅಂತಿದೆ."

"ಅದು ಬುಧವಾರದ್ದು ಕಣಮ್ಮ! ನಾನು ಎದ್ದು ಬಂದ ಎರಡು ದಿನಕ್ಕೆ ಮೇಲಿನವರು ಫೋನ್ ಮೇಲೆ ಫೋನ್ ಮಾಡಿದ್ರು. ವಿಮಾನ ಎಲ್ಲ ಕೀಲಿಲ್ದೆ ನೆಲದಲ್ಲಿ ಕೂತಿವೆ, ಕೇಳಿದಷ್ಟು ಕೊಟ್ಟು ಮುಗಿಸು ಅಂದ್ರು. ಅವನು ಎಂಬತ್ನಾಲ್ಕು ಅಂತಿದ್ದ, ಇವರು ಎಂಬತ್ತೈದಕ್ಕೆ ಅಪ್ಪಣೆ ಬರೆದ್ರು. ಒಂದು ಲಕ್ಷ ಜಾಸ್ತಿ ಬರೆದಿದ್ದು ನಮ್ಮ ಮಾನ ಮುಚ್ಚೋಕೆ. ಸೋಮವಾರದ ಹಾಳೆ ಕಿತ್ತು ಒಳಗಿಟ್ರು. ನಿಮ್ಮ ಜನ ಬಂದು ಕೊನೇ ಹಾಳೆ ನೋಡ್ಕೊಂಡು ಹೋದ್ರು."

"ನೀವ್ಯಾಕೆ ಹೇಳ್ಲಿಲ್ಲ?"

"ಏನಂತ ಹೇಳ್ಲಿ? ಮೀಸೆ ತಿರುವ್ಕೊಂಡು ಎದ್ದು ಬಂದವನು ಮೂರನೇ ದಿನ ಬಾಲ ಮುದುರ್ಕೊಂಡು ಅವರ ಬಾಗಿಲಿಗೇ ಹೋದೆ ಅಂತಲಾ? ಆ ಲಮಾರ್ ನನಗೆ ಕೈ ಕುಲುಕುವಾಗ ಬೆನ್ನು ಬೇರೆ ತಟ್ಟಿದ. ಚಪ್ಪಲೀಲಿ ಹೊಡೆದಿದ್ರೆ ವಾಸಿಯಿತ್ತು."

ವರ್ನಾ ಈಗ ಕೂತಳು. ಸೋಮವಾರ ಮಿತಿ ಅರವತ್ತೆಂಟಾಗಿದ್ದರೆ, ಎಂಬತ್ನಾಲ್ಕಕ್ಕೆ ನಿಂತ ಲಮಾರನಿಗೆ ಯಾವ ಗುಟ್ಟು ಗೊತ್ತಿತ್ತು? ಏನೂ ಇಲ್ಲ! ಆದರೆ ಆ ದಿಗಿಲು ಸುಳ್ಳಲ್ಲವಲ್ಲ.

"ರಾಯ್ಸ್, ಎಂಬತ್ತೈದು ಅನ್ನೋ ಮಾತು ಬುಧವಾರಕ್ಕಿಂತ ಮುಂಚೆ ಎಲ್ಲಾದ್ರೂ ಬಂದಿತ್ತಾ? ಯೋಚನೆ ಮಾಡಿ ಹೇಳಿ."

ರಾಯ್ಸ್ ಯೋಚಿಸಿದ. ಯೋಚಿಸುತ್ತ ಯೋಚಿಸುತ್ತ ಅವನ ಹುಬ್ಬು ಮೇಲೇರಿತು.

"ಡ್ಯೂಯಿ ಹೇಳಿ ನಕ್ಕಿದ್ದ. ಸೋಮವಾರ ಬೆಳಿಗ್ಗೆ. ನಿನ್ನೆ ಲೆಕ್ಕ ಮಾಡಿದಾಗ ಎಂಬತ್ತೈದು ಬಂದಿತ್ತು ರಾಯ್ಸ್, ಹಲ್ಲುಜ್ಜೋವಾಗ ತಪ್ಪು ಹೊಳೀತು ಅಂದ. ಕಂಪನಿ ಕೊಟ್ಟ ಕೂಲಿ ದರದಲ್ಲಿ ಮುಂದಿನ ವರ್ಷದ ಏರಿಕೆ ಆಗಲೇ ಸೇರಿತ್ತಂತೆ. ಇವನು ಅಭ್ಯಾಸಬಲದಿಂದ ಅದನ್ನ ಇನ್ನೊಂದು ಸಲ ಸೇರಿಸಿಬಿಟ್ಟಿದ್ನಂತೆ. ಬೆಲೆ ಲೆಕ್ಕದವರು ಮಾತ್ರ ಮಾಡೋ ಪೆದ್ದುತನ. ನನ್ನ ಮುಂದೇನೇ ಅದನ್ನ ಕಿತ್ತು ಅರವತ್ತೆಂಟು ಮಾಡಿದ. ನಾನು ರುಜು ಹಾಕಿದೆ, ಚೌಕಾಸಿಗೆ ಹೋದ್ವಿ."

"ಹಾಗಾದ್ರೆ ಡ್ಯೂಯಿ ಅಲ್ಲ!" ವರ್ನಾ ಎದ್ದೇಬಿಟ್ಟಳು. "ನೋಡಿ, ಲಮಾರನಿಗೆ ಗೊತ್ತಿದ್ದಿದ್ದು ತಪ್ಪು ಲೆಕ್ಕ. ಭಾನುವಾರದ್ದು. ಅದಕ್ಕೇ ನೀವು ಎದ್ದಾಗ ಅವನಿಗೆ ದಿಗಿಲಾಯ್ತು. ಮಾರಿದವನು ಡ್ಯೂಯಿ ಆಗಿದ್ರೆ ಚೌಕಾಸಿಗೆ ಮುಂಚೆ ಅರವತ್ತೆಂಟು ಅಂತ ತಿದ್ದಿ ಹೇಳ್ತಿದ್ದ. ಕೊಳೆತ ಮಾಲು ಮಾರಿ ಯಾರು ಸುಮ್ಮನಿರ್ತಾರೆ? ಮಾರಿದವನಿಗೆ ಸೋಮವಾರ ಬೆಳಿಗ್ಗೆ ಇಲ್ಲಿ ಏನಾಯ್ತು ಅಂತಾನೇ ಗೊತ್ತಿಲ್ಲ. ಹಳೇ ಲೆಕ್ಕಾನ ಯಾರಿಗೆ ತೋರ್ಸಿದ್ದ ಡ್ಯೂಯಿ?"

"ನನಗಂತೂ ಅಲ್ಲ. ಲೆಕ್ಕಪರಿಶೋಧನೆಯವರಿಗೋ ಮೇಲಿನವರಿಗೋ ಕಳ್ಸಿರ್ಬೇಕು."

"ಇಷ್ಟೆಲ್ಲ ಗೊತ್ತಿದ್ದೂ ಅವನ ಮೇಲೆ ಹಾಕಿದ್ರಲ್ಲ ನೀವು!"

"ದಿನ ಹೊಂದಿಸಿ ನೋಡ್ಬೇಕು ಅಂತ ನನಗೆಲ್ಲಿ ಹೊಳೀತು?" ರಾಯ್ಸನ ದನಿ ತಗ್ಗಿತ್ತು. "ಬೆಲೆ ಗೊತ್ತಿದ್ದಿದ್ದು ನಮ್ಮಿಬ್ಬರಿಗೇ. ನಾನಲ್ಲ ಅಂತ ನನಗೆ ಗೊತ್ತು. ಉಳಿದವನು ಯಾರು ಮತ್ತೆ? ಅಲ್ದೆ ಅವನ ಬಾಯಿ ನಿನಗೆ ಗೊತ್ತಿಲ್ವಾ? ಲೆಕ್ಕ ಮಾಡೋವಾಗ ಮಂತ್ರ ಹೇಳಿದ ಹಾಗೆ ಎಲ್ಲಾನೂ ಬಾಯಲ್ಲೇ ಹೇಳ್ಕೋತಾನೆ. ಅದಕ್ಕೇ ಅವನಿಗೆ ಬೇರೆ ಕೋಣೆ ಕೊಟ್ಟಿದ್ದೆ."

ವರ್ನಾಳಿಗೆ ಗೊತ್ತಿತ್ತು. ಎದುರು ಮೇಜಿನಲ್ಲಿ ಕೂತು ವರ್ಷಗಟ್ಟಲೆ ಆ ಗುನುಗು ಕೇಳಿದವಳು. ಆದರೆ ಆ ಹೊತ್ತಿನಲ್ಲಿ ಅವಳ ತಲೆಯಲ್ಲಿ ಇದ್ದದ್ದು ಒಂದೇ. ಡ್ಯೂಯಿ ಕಳ್ಳನಲ್ಲ.

"ಸೋಮವಾರದೊಳಗೆ ಇನ್ನೊಂದು ಹೆಸರು ತಾ," ಅಂದ ರಾಯ್ಸ್. "ಇವನಲ್ಲ ಅಂದ್ರೆ ಸಾಲದು. ಸರ್ಕಾರಿ ವಕೀಲರಿಗೆ ಯಾರಾದ್ರೂ ಒಬ್ಬರು ಬೇಕು. ಯಾರೂ ಸಿಗ್ಲಿಲ್ಲ ಅಂದ್ರೆ ಕೈಲಿರೋನನ್ನೇ ಹಿಡ್ಕೋತಾರೆ."

* * *

ಡ್ಯೂಯಿಯ ಮನೆಯ ಮುಂದೆ ಅವನ ಮಗ ಕಿಪ್ ಹುಲ್ಲು ಕತ್ತರಿಸುವ ಯಂತ್ರ ತಳ್ಳುತ್ತಿದ್ದ. ಮೂವತ್ತರ ಆಸುಪಾಸಿನ ಗಟ್ಟಿಮುಟ್ಟು ಆಳು, ಬೆವರಿನಲ್ಲಿ ತೊಯ್ದಿದ್ದ. ವರ್ನಾಳನ್ನು ಕಂಡು ಕೈ ಬೀಸಿದ. ಅವಳೂ ಬೀಸಿದಳು.

"ಒಳಗೆ ಬಾರೇ, ಬಿಸಿಲಲ್ಲಿ ನಿಂತ್ಕೋಬೇಡ." ಡ್ಯೂಯಿಯ ಹೆಂಡತಿ ನೊರೀನ್ ಸೊಳ್ಳೆಪರದೆಯ ಬಾಗಿಲು ಹಿಡಿದು ನಿಂತಿದ್ದಳು. ಅಡುಗೆಮನೆಯಿಂದ ಬೆಂಡೆಕಾಯಿ ಕರಿಯುವ ವಾಸನೆ ಬರುತ್ತಿತ್ತು. "ಬೆಳಿಗ್ಗೆ ಫೋನ್‌ನಲ್ಲಿ ಅತ್ತುಬಿಟ್ಟೆ ಅಂತ ಬೇಜಾರು ಮಾಡ್ಕೋಬೇಡ. ನನಗೆ ಇನ್ಯಾರಿದ್ದಾರೆ ಹೇಳು? ಚರ್ಚಲ್ಲಿ ನಮ್ಮ ಬೆಂಚಿಗೆ ಈಗ ಯಾರೂ ಬರಲ್ಲ. ಮೊನ್ನೆ ಪಾದ್ರಿ ಹೆಂಡತಿ ನನ್ನ ನೋಡಿ ರಸ್ತೆ ದಾಟಿ ಆ ಕಡೆ ಹೋದ್ಲು. ಆಕೆ ಹೆರಿಗೇಲಿ ರಾತ್ರಿಯೆಲ್ಲ ಪಕ್ಕದಲ್ಲಿ ಕೂತಿದ್ದವಳು ನಾನು."

"ಇನ್ಮೇಲೆ ದಾಟಲ್ಲ ಬಿಡಿ. ಒಳ್ಳೇ ಸುದ್ದಿ ತಂದಿದೀನಿ."

ನೊರೀನ್ ಅವಳ ಎರಡೂ ಕೈ ಹಿಡಿದುಕೊಂಡಳು. ಕಣ್ಣು ತುಂಬಿ ಬಂತು. "ನಿಜವಾಗ್ಲೂ? ದೇವರು ದೊಡ್ಡವನು ಕಣೇ. ಕಷ್ಟಕ್ಕೆ ಆಗ್ತಿದ್ದಿದ್ದು ನೀನು, ಮತ್ತೆ ನಮ್ಮ ಕಿಪ್. ಅವನ ವೆಲ್ಡಿಂಗ್ ಶೆಡ್ಡಿಗೆ ಈಗ ಕೈತುಂಬ ಕೆಲಸ, ಇಬ್ಬರು ಆಳು ಇಟ್ಟಿದಾನೆ. ಆದ್ರೂ ಶುಕ್ರವಾರ ಬೇಗ ಬಾಗಿಲು ಹಾಕಿ ಬಂದು ಅಪ್ಪನ ಹುಲ್ಲು ಕೊಯ್ದು ಹೋಗ್ತಾನೆ, ಭಾನುವಾರದ ಊಟಕ್ಕೂ ತಪ್ಪಿಸಲ್ಲ."

ಡ್ಯೂಯಿ ಊಟದ ಮೇಜಿನ ಹತ್ತಿರ ಕೂತಿದ್ದ. ತಿಂಗಳಲ್ಲಿ ಅಂಗಿ ಸಡಿಲಾಗಿತ್ತು, ಗಡ್ಡ ಬೆಳೆದಿತ್ತು. ಎದ್ದು ನಿಲ್ಲಲು ಹೋದವನನ್ನು ವರ್ನಾ ಭುಜ ಹಿಡಿದು ಕೂರಿಸಿದಳು.

"ನಾನೀಗ ಆಫೀಸರಾಗಿ ಬಂದಿದೀನಿ, ಹೇಳಿದ್ದನ್ನೆಲ್ಲ ಬರ್ಕೋಬೇಕು," ಅಂದಳು ನಗುತ್ತ. "ಆದ್ರೆ ಬರ್ಕೋಳೋದೆಲ್ಲ ನಿಮಗೆ ಒಳ್ಳೇದೇ."

ನೊರೀನ್ ಸಿಹಿ ಚಹಾದ ಜಗ್ಗು ತಂದಿಟ್ಟಳು. ಐಸಿನ ತುಂಡುಗಳು ಕಿಣಿಕಿಣಿ ಅಂದವು. ವರ್ನಾ ಒಂದೇ ಉಸಿರಿಗೆ ಎಲ್ಲ ಹೇಳಿದಳು. ಲಮಾರನ ದಿಗಿಲು, ಬುಧವಾರದ ಅಪ್ಪಣೆ, ಸೋಮವಾರದ ಅರವತ್ತೆಂಟು. ಹೇಳುತ್ತ ಹೇಳುತ್ತ ಅವಳ ದನಿ ಏರಿತು. ಇಷ್ಟು ವರ್ಷದ ಕೆಲಸದಲ್ಲಿ ಒಬ್ಬ ಮನುಷ್ಯನಿಗೆ ಅವನ ಮಾನವನ್ನು ವಾಪಸ್ಸು ತಂದುಕೊಡುವ ಭಾಗ್ಯ ಎಷ್ಟು ಸಲ ಸಿಕ್ಕೀತು?

"ಕಳ್ಳನಿಗೆ ಗೊತ್ತಿದ್ದಿದ್ದು ನಿಮ್ಮ ತಪ್ಪು ಲೆಕ್ಕ ಡ್ಯೂಯಿ! ಏರಿಕೆ ಎರಡು ಸಲ ಸೇರಿಸಿದ್ರಲ್ಲ, ಆ ಎಂಬತ್ತೈದು. ನಿಮ್ಮ ಪೆದ್ದುತನಾನೇ ನಿಮ್ಮನ್ನ ಕಾಪಾಡಿದ್ದು. ಈಗ ಒಂದೇ ಒಂದು ಮಾತು ಹೇಳಿ. ಆ ಎಂಬತ್ತೈದನ್ನ ಯಾರಿಗೆ ಕಳ್ಸಿದ್ರಿ? ಪರಿಶೋಧನೆಯವರಿಗಾ? ಮೇಲಿನವರಿಗಾ?"

ನೊರೀನ್ "ಅಯ್ಯೋ ದೇವರೇ" ಎಂದು ಗಂಡನ ತಲೆಯನ್ನು ಎದೆಗೆ ಒತ್ತಿಕೊಂಡಿದ್ದಳು.

"ಡ್ಯೂಯಿ? ಯಾರಿಗೆ?"

"ಯಾರಿಗೂ ಕಳ್ಸಿಲ್ಲ," ಅಂದ ಅವನು.

"ಹಾಗಂದ್ರೆ ಹೇಗೆ? ನೆನಪು ಮಾಡ್ಕೊಳ್ಳಿ."

"ಶುಕ್ರವಾರ ಸಂಜೆ ಕಂಪನಿಯವರು ಹೊಸ ಕೂಲಿ ದರ ಕಳ್ಸಿದ್ರು. ಸೋಮವಾರಕ್ಕೆ ಲೆಕ್ಕ ಬೇಕಿತ್ತು. ಮನೆಗೆ ತಂದೆ. ತರಬಾರದಿತ್ತು, ತಂದೆ." ಅವನ ಮಾತು ನಿಧಾನವಾಗುತ್ತ ಬಂತು. "ಭಾನುವಾರ ಇಲ್ಲೇ ಕೂತು..."

ಅಲ್ಲಿಗೆ ನಿಲ್ಲಿಸಿದ. ಅವನ ಬಣ್ಣ ಇಳಿದುಹೋಯಿತು.

ವರ್ನಾಳಿಗೂ ಆಗಲೇ ತಟ್ಟಿದ್ದು. ಎಂಬತ್ತೈದು ಕಚೇರಿಯಲ್ಲಿ ಯಾರ ಕೈಗೂ ಹೋಗಿಲ್ಲ. ಅದು ಹುಟ್ಟಿದ್ದು ಈ ಮೇಜಿನ ಮೇಲೆ, ಬೆಳಿಗ್ಗೆ ಹಲ್ಲುಜ್ಜುವ ಹೊತ್ತಿಗೆ ಸತ್ತಿದ್ದು ಇದೇ ಮನೆಯಲ್ಲಿ. ಅದನ್ನು ಕೇಳಿದ ಕಿವಿ ಯಾವುದಿದ್ದರೂ ಅದು ಭಾನುವಾರ ಇಲ್ಲಿತ್ತು, ಮತ್ತು ಬಾಯಲ್ಲಿ ಲೆಕ್ಕ ಗುನುಗುವ ಈ ಮನುಷ್ಯ ತನ್ನ ಮನೆಯಲ್ಲಿ ದನಿ ತಗ್ಗಿಸುವವನಲ್ಲ. ಅವಳಿಗೆ ತನ್ನ ಮೇಲೇ ಸಿಟ್ಟು ಬಂತು. ಕುಣಿದುಕೊಂಡು ಬಂದು ಏನನ್ನು ಕೈಗಿಟ್ಟೆ ಇವರಿಗೆ!

"ಭಾನುವಾರ ಊಟಕ್ಕೆ ಯಾರಿದ್ರು?" ಅಂದಳು. ಕೇಳದೆ ವಿಧಿಯಿರಲಿಲ್ಲ.

"ನಾನೊಬ್ಬನೇ."

"ಡ್ಯೂಯಿ."

"ನೊರೀನ್ ಇದ್ಲು. ಅವಳಿಗೆ ಈ ಲೆಕ್ಕ ಎಲ್ಲ ತಲೆಗೆ ಹೋಗಲ್ಲ."

ಹೊರಗೆ ಯಂತ್ರ ಕಿಟಕಿಯ ಹತ್ತಿರ ಬಂದು, ತಿರುಗಿ, ದೂರ ಹೋಯಿತು. ನೊರೀನ್ ಗಂಡನ ತಲೆಯಿಂದ ಕೈ ತೆಗೆದಿದ್ದಳು.

"ನೊರೀನ್," ಅಂದಳು ವರ್ನಾ, "ಕಿಪ್‌ಗೆ ಕೈತುಂಬ ಕೆಲಸ ಅಂದ್ರಲ್ಲ. ಯಾರ ಕೆಲಸ ಅದು? ಸ್ಟ್ರಿಕ್‌ಲರ್ ಕಂಪನಿದಾ?"

ನೊರೀನ್ ಜಗ್ಗು ಎತ್ತಿಕೊಂಡಳು. ಖಾಲಿಯಾಗದ ಲೋಟಕ್ಕೆ ಚಹಾ ಹೊಯ್ದಳು. ಚಹಾ ಉಕ್ಕಿ ಮೇಜಿನ ಮೇಲೆಲ್ಲ ಹರಿಯಿತು.

"ನಾನೇ ಹೇಳಿದ್ದು," ಅಂದ ಡ್ಯೂಯಿ.

"ಏನು?"

"ಲಮಾರ್‌ಗೆ ನಾನೇ ಹೇಳಿದೆ. ಭಾನುವಾರ ರಾತ್ರಿ ಫೋನ್ ಮಾಡಿ, ಎಂಬತ್ತೈದು ಅಂತ. ಬರ್ಕೋ."

"ಸೋಮವಾರ ಬೆಳಿಗ್ಗೆ ತಿದ್ದಿದ್ರಲ್ಲ, ಆಗ ಅವನಿಗೆ ಯಾಕೆ ತಿಳಿಸ್ಲಿಲ್ಲ?"

"ಮರೆತೆ."

"ನೀವು? ಒಂದು ಸೆಂಟಿನ ವ್ಯತ್ಯಾಸ ಬಂದ್ರೂ ಊಟ ಬಿಡೋರು ಹದಿನೇಳು ಲಕ್ಷ ಮರೆತ್ರಾ?"

"ವಯಸ್ಸಾಯ್ತಲ್ಲ. ಏರಿಕೇನ ಎರಡು ಸಲ ಸೇರಿಸಿದ ಮುದುಕ ಒಂದು ಫೋನ್ ಮರೀತಾನೆ ಅಂದ್ರೆ ನ್ಯಾಯಾಧೀಶರು ನಂಬ್ತಾರೆ." ಅವನು ನಕ್ಕ. ಆ ನಗುವನ್ನು ನೋಡಲಾಗಲಿಲ್ಲ ವರ್ನಾಳಿಗೆ. "ಖರ್ಚು ಕೇಳು, ಬೆಲೆ ನಂಬಬೇಡ ಅಂತ ನಿನಗೆ ಕಲಿಸಿದ್ನಲ್ಲ. ಇದರ ಖರ್ಚು ಲೆಕ್ಕ ಹಾಕಿಬಿಟ್ಟೆ ಕಣಮ್ಮ. ನಾನು ಹೋದ್ರೆ ಒಂದು ವರ್ಷ, ಒಂದೂವರೆ. ನನ್ನ ಕೆಲಸ ಹೇಗೂ ಹೋಗಿದೆ. ಅವನಿಗೆ ಎರಡು ಮಕ್ಕಳು."

"ಅವನು ಅಂದ್ರೆ ಯಾರು ಡ್ಯೂಯಿ?"

"ಯಾರೂ ಇಲ್ಲ. ತಪ್ಪಿ ಬಂತು ಬಾಯಿಗೆ."

"ನಾನು ಬರ್ಕೊಳಲ್ಲ."

"ಬರ್ಕೋಬೇಕು. ಆಫೀಸರಾಗಿ ಬಂದಿದೀನಿ ಅಂತ ನೀನೇ ಹೇಳಿದೆ. ನೀನು ಕೇಳಿದೆ, ನಾನು ಒಪ್ಕೊಂಡೆ. ಇದನ್ನ ಮುಚ್ಚಿಟ್ರೆ ನಿನ್ನ ಕೆಲಸಾನೂ ಹೋಗುತ್ತೆ."

ವರ್ನಾ ನೊರೀನಳ ಕಡೆ ತಿರುಗಿದಳು. ಬೆಳಿಗ್ಗೆ ಫೋನಿನಲ್ಲಿ ಬಿಕ್ಕಿ ಬಿಕ್ಕಿ ಅತ್ತವಳು, ಅವನನ್ನು ಉಳಿಸಿಕೊಡೇ ಎಂದು ಬೇಡಿಕೊಂಡವಳು ಈಗ ಕಿಟಕಿಯಾಚೆ ನೋಡುತ್ತ ನಿಂತಿದ್ದಳು. ಹುಲ್ಲಿನ ಯಂತ್ರ ಅಷ್ಟರಲ್ಲಿ ನಿಂತಿತು.

"ನೊರೀನ್, ನೀವಾದ್ರೂ ಹೇಳಿ ಇವರಿಗೆ. ಮಾಡದ ತಪ್ಪಿಗೆ ಜೈಲಿಗೆ ಹೋಗ್ತೀನಿ ಅಂತಿದಾರೆ ನಿಮ್ಮ ಗಂಡ!"

"ಅಮ್ಮಾ!" ಅಂಗಳದಿಂದ ಕಿಪ್ ಕೂಗಿದ. "ಚಹಾ ಉಳಿದಿದ್ಯಾ?"

ನೊರೀನ್ ಮರದ ಬಾಗಿಲನ್ನು ಎಳೆದು ಮುಚ್ಚಿದಳು. ಚಿಲಕ ಹಾಕಿದಳು. ಸೊಂಟಕ್ಕೆ ಕಟ್ಟಿಕೊಂಡಿದ್ದ ಅಡುಗೆಬಟ್ಟೆಯಲ್ಲಿ ಕೈ ಒರೆಸಿಕೊಂಡು ಬಂದು ಗಂಡನ ಪಕ್ಕದಲ್ಲಿ ಕೂತಳು. ಕಣ್ಣಲ್ಲಿ ಒಂದು ಹನಿ ನೀರಿರಲಿಲ್ಲ.

"ಬರ್ಕೋ ವರ್ನಾ," ಅಂದಳು. "ಅವರೇ ಒಪ್ಕೋತಿದಾರಲ್ಲ."